ಗುಂಡನನ್ನು ಹುಡುಕಿದ ನಾಲ್ಕು ದಿನ

ಬುಧವಾರ ಬೆಳಿಗ್ಗೆ ನೋಡಿದರೆ ಪಂಜರದ ಬಾಗಿಲು ಹಾರುಹೊಡೆದಿತ್ತು, ಗುಂಡ ಒಳಗಿರಲಿಲ್ಲ. ಹತ್ತಿಯ ಗೂಡನ್ನು ಕೆದಕಿದೆ. ಓಡುವ ಚಕ್ರವನ್ನು ಎತ್ತಿ ನೋಡಿದೆ. ಒಂದು ಇರುವೆ ಅಡಗಲೂ ಜಾಗವಿಲ್ಲದ ನೀರಿನ ಬಾಟಲಿಯ ಹಿಂದೆಯೂ ಬೆರಳು ಹಾಕಿ ತಡಕಿದೆ. "ಹಾಳಾದವನೇ, ಹೋಗಿ ಹೋಗಿ ಈ ವಾರನೇ ಆಗ್ಬೇಕಿತ್ತಾ ನಿಂಗೆ?" ಅಂದೆ. ಬೈದದ್ದು ಗುಂಡನಿಗೋ, ಪಕ್ಕದ ಕೋಣೆಯಲ್ಲಿ ಗಡ್ಡ ಹೆರೆದುಕೊಳ್ಳುತ್ತಿದ್ದ ನನ್ನ ಗಂಡನಿಗೋ, ನನಗೇ ಸರಿಯಾಗಿ ಗೊತ್ತಿರಲಿಲ್ಲ.

ಗುಂಡ ನನ್ನ ಮಗಳು ಪುಟ್ಟಿಯ ಹ್ಯಾಮ್‌ಸ್ಟರ್. ಇಲಿಯ ನೆಂಟನೇ, ಆದರೆ ಬಾಲ ಇದ್ದೂ ಇಲ್ಲದ ಹಾಗೆ. ಮುಷ್ಟಿಯೊಳಗೆ ಅಡಗಿಹೋಗುವಷ್ಟು ಸಣ್ಣವನು. ಕೆನ್ನೆಯಲ್ಲಿ ಬೀಜ ತುಂಬಿಕೊಂಡರೆ ಹಲ್ಲುನೋವು ಬಂದವನ ಹಾಗೆ ಕಾಣುತ್ತಿದ್ದ. ಪುಟ್ಟಿಗೆ ಹತ್ತು ವರ್ಷ. ಶಾಲೆಗೆ ರಜೆಯೆಂದು ನನ್ನ ಅಕ್ಕ ಅವಳನ್ನು ಒಂದು ವಾರಕ್ಕೆ ತನ್ನ ಮನೆಗೆ ಕರೆದುಕೊಂಡು ಹೋಗಿದ್ದಳು. ಭಾನುವಾರ ಬೆಳಿಗ್ಗೆ ಬಸ್ಸಿನಲ್ಲಿ ವಾಪಸ್ಸು ಬರುವವರಿದ್ದರು. ಅಷ್ಟರೊಳಗೆ ಗುಂಡ ಸಿಗಬೇಕಿತ್ತು. ನನ್ನ ತಲೆಯಲ್ಲಿ ಇದ್ದದ್ದು ಅದೊಂದೇ.

ಹೋಗುವ ಮುಂಚೆ ಅವಳು ಪಂಜರದ ಮೇಲಿನ ಗೋಡೆಗೆ ಒಂದು ಹಾಳೆ ಅಂಟಿಸಿದ್ದಳು. ನಡುವೆ ಗೆರೆ ಎಳೆದು ಒಂದು ಕಡೆ ಅಮ್ಮ, ಇನ್ನೊಂದು ಕಡೆ ಅಪ್ಪ ಎಂದು ಬರೆದಿದ್ದಳು. ಅಮ್ಮನ ಪಾಲಿಗೆ ಎರಡು ಹೊತ್ತಿನ ಊಟ. ಅಪ್ಪನ ಪಾಲಿಗೆ ನೀರು, ಮಂಗಳವಾರ ಪಂಜರ ತೊಳೆಯುವುದು. ಕೆಳಗೆ ಕೆಂಪು ಶಾಯಿಯಲ್ಲಿ, 'ಗುರುವಾರ ಬೆಲ್ಟಿಗೆ ಊಟ ಹಾಕುವಾಗ ಬಾಗಿಲು ಮುಚ್ಚಿರಬೇಕು, ಗುಂಡ ನೋಡಬಾರದು' ಎಂದಿತ್ತು. ಬೆಲ್ಟು ಅಂದರೆ ನನ್ನ ಗಂಡ ಸಾಕಿದ ಹಾವು. ಕಿತ್ತಳೆ ಬಣ್ಣದ್ದು, ಮೂರೂವರೆ ಅಡಿ ಉದ್ದ, ವಿಷವಿಲ್ಲದ ಜಾತಿ. ಅವರ ಕೋಣೆಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಇರುತ್ತಿತ್ತು. ಹೆಸರಿಟ್ಟವಳು ಪುಟ್ಟಿಯೇ.

ನಾವಿಬ್ಬರೂ ಒಂದು ಮಾತೂ ಆಡದೆ ವಾರ ಕಳೆಯುವ ಹಾಗೆ ಆ ಮಗು ಕೆಲಸ ಹಂಚಿತ್ತು. ಯಾಕೆಂದರೆ ನಾನೂ ನನ್ನ ಗಂಡನೂ ಮಾತು ಬಿಟ್ಟು ಎರಡು ವರ್ಷವಾಗಿತ್ತು.

ಇವರು ಲಿಫ್ಟ್ ರಿಪೇರಿ ಮಾಡುವವರು. ನನ್ನ ಅಮ್ಮ ತೀರಿಕೊಂಡ ದಿನ ಹದಿನಾಲ್ಕು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಕತ್ತಲಾದ ಮೇಲೆ ಗ್ರೀಸ್ ಮೆತ್ತಿದ ಕೈಯಲ್ಲಿ ಬಂದು, "ಒಳಗೆ ಜನ ಸಿಕ್ಕಾಕೊಂಡಿದ್ರು" ಅಂದರು. ನನಗೆ ಮೈಯೆಲ್ಲ ಉರಿದುಹೋಯಿತು. "ನಿಮ್ಗೆ ಲಿಫ್ಟಲ್ಲಿರೋರು ಮಾತ್ರ ಜನ. ನಾವೆಲ್ಲ ಏನು, ಸಾಮಾನಾ? ಇನ್ಮೇಲೆ ನನ್ನ ಜೊತೆ ಮಾತಾಡ್ಬೇಡಿ" ಅಂದೆ. ಸಿಟ್ಟಿನಲ್ಲಿ ಅಂದದ್ದು. ಒಂದು ವಾರ, ಹೆಚ್ಚೆಂದರೆ ಒಂದು ತಿಂಗಳು, ಆಮೇಲೆ ಬಂದು ರಮಿಸುತ್ತಾರೆ ಅಂದುಕೊಂಡಿದ್ದೆ. ಆ ಮನುಷ್ಯ ಅದನ್ನು ಸರ್ಕಾರಿ ಆದೇಶದ ಹಾಗೆ ಪಾಲಿಸಿದರು. ಅವರು ಬರಲಿ ಅಂತ ನಾನು, ನಾನು ಕರೆಯಲಿ ಅಂತ ಅವರು. ಹೀಗೆ ಎರಡು ವರ್ಷ.

ಚೀಟಿ ಬರೆದಿಡಬಹುದಿತ್ತಲ್ಲ ಅನ್ನುತ್ತೀರಿ. ಬರೆದೆವು. ಚೀಟಿಯಲ್ಲೂ ಜಗಳ ಹತ್ತಿತು, ಫ್ರಿಜ್ಜಿನ ಬಾಗಿಲು ಕಾಣದಷ್ಟು ಚೀಟಿಗಳಾದವು. ಒಂದು ದಿನ ಪುಟ್ಟಿ ಎಲ್ಲವನ್ನೂ ಕಿತ್ತು ಕಸದ ಬುಟ್ಟಿಗೆ ಹಾಕಿ, "ಇನ್ಮೇಲೆ ನಾನೇ ಹೇಳ್ತೀನಿ" ಅಂದಳು. ಆವತ್ತಿನಿಂದ ಅವಳದೇ ಆ ಕೆಲಸ. ಗ್ಯಾಸ್ ಮುಗೀತು ಅಂತ ಅಪ್ಪನಿಗೆ ಹೇಳು. ನಾಳೆ ಬೇಗ ಹೋಗ್ಬೇಕು ಅಂತ ಅಮ್ಮನಿಗೆ ಹೇಳು. ಒಂದೇ ಮೇಜಿನಲ್ಲಿ ಕೂತು ಊಟ ಮಾಡುವಾಗ ನಮ್ಮಿಬ್ಬರ ನಡುವೆ ಆ ಪುಟ್ಟ ತಲೆ ಅತ್ತ ಇತ್ತ ತಿರುಗುತ್ತಿತ್ತು. ಒಂದು ಸಂಜೆ ಅವಳು ಪಂಜರದ ಮುಂದೆ ಕೂತು, "ಗುಂಡ, ಇವತ್ತು ಹದಿನೇಳು ಸಲ ಹೇಳಿ ಕಳ್ಸಿದ್ರು ಗೊತ್ತಾ? ಈಗ ನಾನು ಹೇಳೋದು ಕೇಳು" ಅನ್ನುವುದನ್ನು ಬಾಗಿಲಾಚೆ ನಿಂತು ಕೇಳಿಸಿಕೊಂಡೆ. ಶಾಲೆಯಲ್ಲಿ ಯಾರೋ ತಳ್ಳಿ ಮಂಡಿ ತರಚಿದ ಸುದ್ದಿ ಅದು, ನನಗೆ ಹೇಳಿರಲೇ ಇಲ್ಲ. ತನ್ನ ಸ್ವಂತ ಮಾತನ್ನೆಲ್ಲ ಅವಳು ಆಡುತ್ತಿದ್ದದ್ದು ಗುಂಡನ ಹತ್ತಿರ. ಅಷ್ಟು ಕೇಳಿಸಿಕೊಂಡ ಮೇಲೂ ಮಾರನೆಯ ದಿನ ಬೆಳಿಗ್ಗೆ, "ಹಾಲು ತರೋಕೆ ಅಪ್ಪನಿಗೆ ಹೇಳು" ಅಂದೆ.

ಇಂಥ ಗುಂಡ ಈಗ ಇಲ್ಲ.

ಪಂಜರದ ಕೊಕ್ಕೆ ಯಾರು ಹಾಕಿರಲಿಲ್ಲ? ಮಂಗಳವಾರ ಸಂಜೆ ತೊಳೆದವರು ಇವರು. ಆಮೇಲೆ ಸೌತೆಕಾಯಿ ತುಂಡು ಹಾಕಿದವಳು ನಾನು. ಒಲೆಯ ಮೇಲೆ ಹಾಲಿಟ್ಟು ಬಂದಿದ್ದೆ, ಕೊಕ್ಕೆ ಹಾಕಿದೆನೋ ಇಲ್ಲವೋ ನೆನಪಾಗಲಿಲ್ಲ. ನೆನಪಾಗದ್ದರಿಂದ ಅವರದೇ ತಪ್ಪು ಎಂದು ತೀರ್ಮಾನಿಸಿದೆ. ಇವರು ಕೋಣೆಯಿಂದ ಹೊರಗೆ ಬಂದು ಪಂಜರ ನೋಡಿದರು, ನನ್ನನ್ನು ನೋಡಿದರು, ತುಟಿಪಿಟಕ್ಕೆನ್ನದೆ ಮಂಡಿಯೂರಿ ಸೋಫಾದ ಕೆಳಗೆ ಟಾರ್ಚು ಬಿಟ್ಟರು.

ನಾನು ಪರದೆ ಅಂಗಡಿಯಲ್ಲಿ ಹೊಲಿಯುವವಳು. ಆ ವಾರ ಕಿಟಕಿ ಪರದೆಗಳ ದೊಡ್ಡ ರಾಶಿಯನ್ನು ಮನೆಗೇ ತಂದು ಹೊಲಿಯುತ್ತಿದ್ದೆ. ಮಿಷನ್ನಿನ ಮೇಲೆ ಬಟ್ಟೆ ಹಾಗೇ ಬಿಟ್ಟು, ಗುಂಡನನ್ನು ಕೊಂಡ ಪ್ರಾಣಿಗಳ ಅಂಗಡಿಗೆ ಫೋನ್ ಮಾಡಿದೆ.

"ಗಾಬರಿ ಆಗ್ಬೇಡಿ ಮೇಡಂ, ಅದು ಮನೆ ಬಿಟ್ಟು ಎಲ್ಲೂ ಹೋಗಿರಲ್ಲ" ಅಂದ ಅಂಗಡಿಯವನು. "ಎಲ್ಲಾ ಬಾಗಿಲು ಹಾಕಿ, ಕೆಳಗಿನ ಸಂದಿಗೆ ಟವಲ್ ತುರುಕಿ. ನೆಲಕ್ಕೆ ಮೈದಾ ಉದುರ್ಸಿ, ಯಾವ ಕಡೆ ಓಡಾಡುತ್ತೆ ಅಂತ ಹೆಜ್ಜೆ ನೋಡಿ ಗೊತ್ತಾಗುತ್ತೆ. ಅಲ್ಲಿ ಒಂದು ಬಕೆಟ್ ಇಡಿ. ಪಕ್ಕದಲ್ಲಿ ಪುಸ್ತಕ ಜೋಡ್ಸಿ ಮೆಟ್ಟಿಲು ಮಾಡಿ. ತಳಕ್ಕೆ ಮೆತ್ತಗಿರೋ ಬಟ್ಟೆ, ಅದ್ರ ಮೇಲೆ ಬೀಜ. ವಾಸನೆಗೆ ಹತ್ತುತ್ತೆ, ಒಳಗೆ ಬೀಳುತ್ತೆ, ವಾಪಸ್ ಹತ್ತೋಕಾಗಲ್ಲ. ಬೆಳಿಗ್ಗೆ ಆರಾಮಾಗಿ ಎತ್ಕೊಳ್ಳಿ."

"ಅಂಟಿನ ಹಾಳೆ ಇಟ್ರೆ?"

"ಅಯ್ಯೋ ಬೇಡ, ಕಾಲು ಮುರ್ಕೊಳ್ಳುತ್ತೆ. ಅಟ್ಟಿಸ್ಕೊಂಡು ಹೋಗಿ ಹಿಡಿಯೋಕೂ ಹೋಗ್ಬೇಡಿ, ಹೆದರಿ ಕಚ್ಚುತ್ತೆ. ಮನೇಲಿ ಬೆಕ್ಕು ಗಿಕ್ಕು ಇದೆಯಾ?"

"ಬೆಕ್ಕಿಲ್ಲ. ಹಾವಿದೆ."

"ಪೆಟ್ಟಿಗೇಲಿ ತಾನೇ?"

"ಇನ್ನೇನು ಸೋಫಾ ಮೇಲೆ ಕೂತು ಟೀವಿ ನೋಡುತ್ತಾ?"

"ಅಲ್ಲ, ದಿನಾ ಒಂದ್ಸಲ ಮುಚ್ಚಳ ನೋಡ್ತಾ ಇರಿ ಅಂದೆ ಅಷ್ಟೇ."

ನಾನು ನೋಡಲಿಲ್ಲ. ಇವರ ಕೋಣೆಗೆ ಕಾಲಿಡುವುದಿಲ್ಲವೆಂದು ಎರಡು ವರ್ಷದಿಂದ ಸಾಧಿಸಿಕೊಂಡು ಬಂದಿದ್ದೆ. ಕಸ ಗುಡಿಸುವಾಗಲೂ ಹೊಸ್ತಿಲವರೆಗೆ ಗುಡಿಸಿ ಪೊರಕೆ ಹಿಂದಕ್ಕೆಳೆಯುತ್ತಿದ್ದೆ. ನನ್ನ ಹಠ ಅಷ್ಟು ಶುದ್ಧ.

ಅಂದು ಸಂಜೆ ಪುಟ್ಟಿಯ ಫೋನ್ ಬಂತು. "ಅಮ್ಮ, ಗುಂಡ ಏನ್ಮಾಡ್ತಿದಾನೆ?"

"ಮಲಗಿದಾನೆ ಕಣೆ."

"ಸಂಜೆ ಅವ್ನು ಏಳೋ ಹೊತ್ತಲ್ವಾ?"

"ಎದ್ದು, ತಿಂದು, ಮತ್ತೆ ಮಲಗ್ದ. ನಿನ್ನ ಥರಾನೇ ಸೋಮಾರಿ."

ಅವಳು ನಕ್ಕಳು. "ಫೋನ್ ಅವ್ನ ಹತ್ರ ಹಿಡಿ, ಒಂದು ಮಾತು ಹೇಳ್ಬೇಕು" ಅಂದಳು. ನಾನು ಖಾಲಿ ಪಂಜರದ ಹತ್ತಿರ ಫೋನ್ ಹಿಡಿದು ನಿಂತೆ. ಕಿವಿಗೆ ಇಟ್ಟುಕೊಳ್ಳಲಿಲ್ಲ, ಅವಳ ಮಾತು ಅವನಿಗೇ ಇರಲಿ ಅಂತ. ಆದರೂ ಸಣ್ಣಗೆ ಪಿಸಪಿಸ ಕೇಳುತ್ತಿತ್ತು. ಅದು ಮುಗಿಯುವವರೆಗೂ ನನಗೆ ಕಣ್ಣು ತೆರೆಯಲಾಗಲಿಲ್ಲ.

ಈಗ ನಿಮಗೆ ಒಂದು ವಿಷಯ ಹೇಳಿಬಿಡಬೇಕು. ನನಗೆ ಅದು ಗೊತ್ತಾದದ್ದು ಭಾನುವಾರ. ಅದೇ ಬುಧವಾರ ಸಂಜೆ, ನಾನು ಅಡುಗೆಮನೆಯಲ್ಲಿದ್ದಾಗ, ಇವರು ಹಾವಿನ ಬಟ್ಟಲಿನ ನೀರು ಬದಲಿಸಲು ಮುಚ್ಚಳ ತೆಗೆದಿದ್ದರು. ನಡುಮನೆಯ ಕಪಾಟಿನ ಹಿಂದೆ ಏನೋ ಪರಪರ ಕೆರೆದ ಸದ್ದಾಯಿತು. ಗುಂಡ ಅಂತ ಓಡಿದರು. ಅವನು ಸಿಗಲಿಲ್ಲ. ವಾಪಸ್ಸು ಬಂದು ನೋಡಿದರೆ ಬೆಲ್ಟೂ ಇರಲಿಲ್ಲ. ಮನೆಯಲ್ಲಿ ಇಲಿ ಒಂದು ಕಡೆ, ಹಾವು ಒಂದು ಕಡೆ. ಹಾವಿಗೆ ಗುರುವಾರ ಊಟದ ದಿನ, ಅಂದರೆ ಹಸಿದಿತ್ತು. ಈ ಮಾತನ್ನು ನನಗೆ ಮುಟ್ಟಿಸಬೇಕಾದ ಹುಡುಗಿ ಬಸ್ಸಿನಲ್ಲಿ ನಾಲ್ಕು ಗಂಟೆ ದೂರದಲ್ಲಿದ್ದಳು.

ಗುರುವಾರ ಎದ್ದು ನೋಡಿದರೆ ಮನೆ ತುಂಬ ಪ್ಲಾಸ್ಟಿಕ್ ಚೀಲಗಳು. ಹಾದಿಯಲ್ಲಿ, ಕಪಾಟಿನ ಬುಡದಲ್ಲಿ, ಬಚ್ಚಲಮನೆಯ ಬಾಗಿಲಲ್ಲಿ, ಕಾಲಿಟ್ಟರೆ ಚರಚರ. ಇವರು ಜನ್ಮದಲ್ಲಿ ಮೊದಲ ಸಲ ಕೆಲಸಕ್ಕೆ ರಜೆ ಹಾಕಿ ನಡುಮನೆಯ ಕುರ್ಚಿಯಲ್ಲಿ ಕಿವಿ ನಿಮಿರಿಸಿ ಕೂತಿದ್ದರು. ಹಾವು ಹರಿದರೆ ಚೀಲದ ಸದ್ದು ಕೇಳಲಿ ಅಂತ ಹರಡಿದ್ದು. ನಾನು, ಪರವಾಗಿಲ್ಲವೇ, ಗುಂಡನಿಗಾಗಿ ಇಷ್ಟೆಲ್ಲ ಮಾಡುತ್ತಿದ್ದಾರೆ ಅಂದುಕೊಂಡೆ. ಅಮ್ಮ ಸತ್ತಾಗ ಒಂದು ದಿನ ರಜೆ ಹಾಕದವರು ಇಲಿಗೆ ಹಾಕಿದರಲ್ಲ ಅಂತಲೂ ಅಂದುಕೊಂಡೆ, ನಾನೇನು ದೇವತೆಯಲ್ಲ.

ನಾನು ರಾತ್ರಿಯೇ ನಡುಮನೆಯಲ್ಲಿ ಬಕೆಟ್ ಇಟ್ಟು, ನೆಲಕ್ಕೆ ಮೈದಾ ಉದುರಿಸಿದ್ದೆ. ಅದರ ಮೇಲೆ ಸಣ್ಣ ಸಣ್ಣ ಹೆಜ್ಜೆಗಳು ಮೂಡಿದ್ದವು, ಸೂಜಿಯಲ್ಲಿ ಚುಚ್ಚಿದ ಹಾಗೆ. ಕಪಾಟಿನಿಂದ ಗೋಡೆಯಗುಂಟ ಅಡುಗೆಮನೆಯ ಕಡೆ ಹೋಗಿದ್ದವು. "ಬದುಕಿದಾನೆ!" ಅಂತ ಗಟ್ಟಿಯಾಗಿ ಕೂಗಿಯೇಬಿಟ್ಟೆ. ಇವರು ಕುರ್ಚಿಯಿಂದ ಎದ್ದು ಬಂದು ನೋಡಿದರು. ಅವರ ಮುಖ ಸಪ್ಪಗಾಯಿತು. ಹೆಜ್ಜೆಗಳ ಪಕ್ಕದಲ್ಲಿ ಇನ್ನೊಂದು ಗುರುತಿತ್ತು, ಅಲೆ ಅಲೆಯಾಗಿ ಎಳೆದ ಗೆರೆ. ನನ್ನ ಕೊರಳಲ್ಲಿ ಯಾವಾಗಲೂ ಅಳತೆಯ ಟೇಪು ಜೋತಾಡುತ್ತಿರುತ್ತದೆ, ಬಗ್ಗಿದಾಗ ನೆಲ ಗುಡಿಸುತ್ತದೆ. ಅದರದೇ ಗುರುತು ಎಂದು ನಾನು ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಇವರು ಬಾಯಿ ತೆರೆದರು. ಮತ್ತೆ ಮುಚ್ಚಿದರು. ನಾನು ನೋಡಿಯೂ ನೋಡದ ಹಾಗೆ ಬಟ್ಟೆ ಹಿಂಡಿದೆ.

ಶುಕ್ರವಾರ ಅಡುಗೆಮನೆಯ ಫ್ರಿಜ್ಜಿನ ಹಿಂದೆ ಒಂದು ಡಬ್ಬ ಬಂತು. ಅವರ ಬೂಟಿನ ರಟ್ಟಿನ ಡಬ್ಬ. ಒಂದು ಬದಿಗೆ ದುಂಡಗೆ ತೂತು ಕೊರೆದಿದ್ದರು, ಒಳಗೆ ಟವಲ್ಲು, ಟವಲ್ಲಿನ ಕೆಳಗೆ ಬಿಸಿನೀರಿನ ರಬ್ಬರ್ ಚೀಲ. ಮೂರು ಗಂಟೆಗೊಮ್ಮೆ ನೀರು ಕಾಯಿಸಿ ಚೀಲ ಬದಲಿಸುತ್ತಿದ್ದರು. ಬೆಚ್ಚಗೆ, ಕತ್ತಲಾಗಿ, ಇಕ್ಕಟ್ಟಾಗಿರುವ ಜಾಗಕ್ಕೆ ಹಾವು ತಾನಾಗಿ ಬಂದು ಸೇರಿಕೊಳ್ಳುತ್ತದಂತೆ. ಇದೂ ನನಗೆ ಆಮೇಲೆ ತಿಳಿದದ್ದು. ಆವತ್ತು ನಾನು ಕಂಡದ್ದು ಬೇರೆ. ಚಳಿಗೆ ನಡುಗುತ್ತಿರಬಹುದಾದ ಪುಟ್ಟ ಜೀವಕ್ಕೆ ಒಬ್ಬ ಗಂಡಸು ಗೂಡು ಮಾಡಿ, ನೀರು ಬಿಸಿ ಇದೆಯೇ ಅಂತ ಮಣಿಕಟ್ಟಿಗೆ ತಾಗಿಸಿ ನೋಡುತ್ತಿದ್ದ. ಪುಟ್ಟಿ ಕೂಸಾಗಿದ್ದಾಗ ಹಾಲಿನ ಬಾಟಲಿಯನ್ನೂ ಹೀಗೆಯೇ ನೋಡುತ್ತಿದ್ದರು. ನಾನು ಬಾಗಿಲ ಮರೆಯಲ್ಲಿ ನಿಂತು ನೋಡುತ್ತಿದ್ದೆ. ಎರಡು ವರ್ಷದಲ್ಲಿ ಮೊದಲ ಸಲ ಆ ಮನುಷ್ಯನ ಮೇಲೆ ನನಗೆ ಪ್ರೀತಿ ಉಕ್ಕಿತು. ನಾಚಿಕೆ ಬಿಟ್ಟು ಹೇಳುತ್ತಿದ್ದೇನೆ.

ಶನಿವಾರ ಸಂಜೆ ನಾನು ಮಿಷನ್ನಿನ ಮುಂದೆ ಕೂತಿದ್ದೆ. ಇವರು ಬಂದು ಹಿಂದೆ ನಿಂತರು. ಹಾಗೆ ಬಂದು ನಿಂತವರಲ್ಲ. ಗಂಟಲು ಸರಿಮಾಡಿಕೊಂಡರು. ಬಂದರಲ್ಲ, ಕೊನೆಗೂ ಬಂದರಲ್ಲ ಅಂತ ಒಳಗೊಳಗೇ ಕುಣಿದಾಡುವಷ್ಟು ಸಂತೋಷ. ಆದರೆ ಕಾಲು ಪೆಡಲನ್ನು ಇನ್ನಷ್ಟು ಒತ್ತಿತು. ಎರಡು ವರ್ಷ ಕಾಯಿಸಿದ್ದೀರಿ, ನೀವೂ ಒಂದು ನಿಮಿಷ ಕಾಯಿರಿ. ಈ ಗಲಾಟೆಯನ್ನು ಮೀರಿ ಒಂದು ಸಲ 'ಏ, ಇಲ್ಕೇಳು' ಅಂತ ಗಟ್ಟಿಯಾಗಿ ಕರೆಯಿರಿ. ಮಿಷನ್ನು ಟಕಟಕ ಹೊಲಿಯುತ್ತಲೇ ಇತ್ತು. ಉದ್ದನೆಯ ಪರದೆಯ ಒಂದು ಅಂಚು ಪೂರ್ತಿ ಮುಗಿಯಿತು. ಆಗ ಅವರ ಫೋನ್ ಹೊಡೆದುಕೊಂಡಿತು. ಯಾವುದೋ ಕಟ್ಟಡದಲ್ಲಿ ಲಿಫ್ಟು ನಿಂತು ಜನ ಸಿಕ್ಕಿಕೊಂಡಿದ್ದರು. ಇವರು ಸ್ವಲ್ಪ ಹೊತ್ತು ಹಾಗೇ ನಿಂತು, ಚೀಲ ತೆಗೆದುಕೊಂಡು ಹೊರಟುಹೋದರು.

ಅವರು ಹೇಳಲು ಬಂದದ್ದು ಏನೆಂದು ಈಗ ಕೇಳಬೇಕಾಗಿಲ್ಲ.

ಅವರು ಹೋದ ಮೇಲೆ ನಾನು ಬಕೆಟ್ ಎತ್ತಿಕೊಂಡು ಅಡುಗೆಮನೆಗೆ ಬಂದೆ. ಮೂರು ದಿನ ನಡುಮನೆಯಲ್ಲಿಟ್ಟು ಉಪಯೋಗವಾಗಿರಲಿಲ್ಲ. ಹೆಜ್ಜೆ ಹೋಗಿದ್ದು ಅಡುಗೆಮನೆಗೆ, ಬೆಚ್ಚಗಿನ ಗೂಡಿರುವುದೂ ಅಲ್ಲೇ. ಗುಂಡ ಗೂಡಿಗೆ ಬಂದೇ ಬರುತ್ತಾನೆ, ಬಂದವನಿಗೆ ಬೀಜದ ವಾಸನೆ ಹತ್ತೇ ಹತ್ತುತ್ತದೆ. ಅವರ ಡಬ್ಬಕ್ಕೆ ಒಂದು ಗೇಣು ದೂರದಲ್ಲಿ ನನ್ನ ಬಕೆಟ್ ಇಟ್ಟೆ. ಪುಟ್ಟಿಯ ಪಾಠದ ಪುಸ್ತಕಗಳನ್ನು ಮೆಟ್ಟಿಲು ಮಾಡಿದೆ. ತಳಕ್ಕೆ ಪರದೆಯ ಮೆತ್ತನೆಯ ತುಂಡು ಹಾಸಿ, ಸೂರ್ಯಕಾಂತಿ ಬೀಜ, ಒಂದು ಚೂರು ಕ್ಯಾರೆಟ್ ಹಾಕಿದೆ. ಡಬ್ಬವೂ ಬಕೆಟ್ಟೂ ಅಕ್ಕಪಕ್ಕ ಕೂತದ್ದನ್ನು ನೋಡಿ ಖುಷಿಯಾಯಿತು. ಇಬ್ಬರೂ ಸೇರಿ ಒಂದು ಕೆಲಸ ಮಾಡಿ ಎಷ್ಟು ಕಾಲವಾಗಿತ್ತು! ನಾಳೆ ಗುಂಡನನ್ನು ಕೈಯಲ್ಲಿ ಹಿಡಿದುಕೊಂಡು, 'ರೀ, ಸಿಕ್ಕಿದ' ಅಂತ ನಾನೇ ಮೊದಲು ಮಾತಾಡಿಬಿಡುತ್ತೇನೆ ಎಂದು ನಿರ್ಧರಿಸಿ ಹೋಗಿ ಮಲಗಿದೆ. ಆವತ್ತು ಚೆನ್ನಾಗಿ ನಿದ್ದೆ ಬಂತು.

ಬೆಳಿಗ್ಗೆ ಆರಕ್ಕೆ ಬಂದು ಬಗ್ಗಿ ನೋಡಿದೆ.

ಬಕೆಟ್ಟಿನ ತಳದಲ್ಲಿ ಬೆಲ್ಟು ಸುರುಳಿ ಸುತ್ತಿಕೊಂಡು ಮಲಗಿತ್ತು. ಮೈಯ ನಡುವೆ ಒಂದು ಉಬ್ಬು. ಕ್ಯಾರೆಟ್ಟನ್ನು ಯಾರೋ ಅರ್ಧ ಕಡಿದಿದ್ದರು. ಬಟ್ಟೆಯನ್ನು ಬಕೆಟ್ಟಿನ ಬದಿಗೆ ಕೆರೆದು ಕೆರೆದು ಎಳೆಗಳು ಎದ್ದಿದ್ದವು, ಗುಂಡ ಹತ್ತಲು ನೋಡಿದ್ದಾನೆ.

ನಾನು ಕಿರುಚಿದೆನಂತೆ. ನನಗೆ ಕೇಳಿಸಲಿಲ್ಲ. ಇವರು ಆಗಷ್ಟೇ ಕೆಲಸದಿಂದ ಬಂದವರು, ಚೀಲ ಹೆಗಲಲ್ಲೇ ಇತ್ತು, ಓಡಿ ಬಂದರು. ಬಕೆಟ್ ನೋಡಿದರು. ಪುಸ್ತಕದ ಮೆಟ್ಟಿಲು ನೋಡಿದರು. ತಮ್ಮ ಡಬ್ಬ ನೋಡಿದರು. ಎಲ್ಲ ಅರ್ಥವಾಗಲು ಅವರಿಗೆ ಬಹಳ ಹೊತ್ತೇನೂ ಹಿಡಿಯಲಿಲ್ಲ. ಬಕೆಟ್ ಇರದಿದ್ದರೆ ಗುಂಡ ಯಾವ ಸಂದಿಗಾದರೂ ನುಗ್ಗಿ ತಪ್ಪಿಸಿಕೊಳ್ಳುತ್ತಿದ್ದ. ಮೂರು ದಿನ ಹಾಗೆಯೇ ತಪ್ಪಿಸಿಕೊಂಡಿದ್ದ. ನಾನು ಅವನನ್ನು ಹತ್ತಲಾಗದ ಗುಂಡಿಯಲ್ಲಿ ಕೂಡಿಹಾಕಿ, ಪಕ್ಕದಲ್ಲೇ ಹಸಿದ ಹಾವಿಗೆ ಮೆಟ್ಟಿಲು ಕಟ್ಟಿಕೊಟ್ಟಿದ್ದೆ. ನೆಲದ ಮೇಲೆ ಕುಸಿದು ಕೂತೆ.

ಇವರು ಹಾವನ್ನು ಎರಡು ಕೈಯಲ್ಲಿ ಮೆಲ್ಲಗೆ ಎತ್ತಿಕೊಂಡು ಹೋಗಿ ಪೆಟ್ಟಿಗೆಯಲ್ಲಿಟ್ಟು ಬಂದರು. ಬಕೆಟ್ಟನ್ನು ತೊಳೆದು, ಒರೆಸಿ, ಬಚ್ಚಲಮನೆಯಲ್ಲಿ ಅದರ ಜಾಗದಲ್ಲಿಟ್ಟರು. ಪುಸ್ತಕಗಳನ್ನು ಪುಟ್ಟಿಯ ಕಪಾಟಿನಲ್ಲಿ ಮೊದಲಿದ್ದ ಹಾಗೆ ಜೋಡಿಸಿದರು. ಕೆರೆದ ಬಟ್ಟೆಯ ತುಂಡನ್ನು ಮಡಚಿ ಜೇಬಿಗೆ ಹಾಕಿಕೊಂಡರು. ಮೈದಾ ಒರೆಸಿದರು. ಯಾಕೆ ಇದೆಲ್ಲ ಮಾಡುತ್ತಿದ್ದಾರೆಂದು ನನಗೆ ಆಗ ಹೊಳೆಯಲಿಲ್ಲ. ಈ ಮನುಷ್ಯನಿಗೆ ಇಂಥ ಹೊತ್ತಿನಲ್ಲೂ ಮನೆ ಚೊಕ್ಕಟವಾಗಿರಬೇಕಲ್ಲ ಅಂತ ಹಲ್ಲು ಕಡಿದೆ.

ಹತ್ತು ಗಂಟೆಗೆ ಅಕ್ಕ ಪುಟ್ಟಿಯನ್ನು ಬಾಗಿಲಲ್ಲಿ ಬಿಟ್ಟು, ಅದೇ ಬಸ್ಸಿಗೆ ವಾಪಸ್ಸಾಗಬೇಕೆಂದು ಹಾಗೇ ಹೋದಳು. ಪುಟ್ಟಿ ಚಪ್ಪಲಿಯನ್ನೂ ಬಿಡದೆ ಪಂಜರಕ್ಕೆ ಓಡಿದಳು. ಅವನಿಗೆ ಅಂತ ತಂದ ಪುಟ್ಟ ಮರದ ಏಣಿ ಕೈಯಲ್ಲಿತ್ತು.

"ಅಮ್ಮ, ಗುಂಡ ಎಲ್ಲಿ?"

ಇವರು ತಮ್ಮ ಕೋಣೆಯ ಬಾಗಿಲಲ್ಲಿ ನಿಂತಿದ್ದರು. ನಾನು ಅವರ ಮುಖ ನೋಡಲಿಲ್ಲ. ಬೆಳಗಿನಿಂದ ಮನಸ್ಸಿನಲ್ಲಿ ಹೊಸೆದು ಹೊಸೆದು ಇಟ್ಟುಕೊಂಡಿದ್ದ ಮಾತು ಒಂದಿತ್ತು, ಇಬ್ಬರೂ ಹುಡುಕಿದೆವು, ಇಬ್ಬರಿಂದಲೂ ತಪ್ಪಾಯಿತು ಅಂತ. ಮಗಳ ಕಣ್ಣು ನೋಡಿದ್ದೇ ಆ ಮಾತು ಎಲ್ಲಿ ಹೋಯಿತೋ. ಈ ಕಣ್ಣು ನನ್ನನ್ನು ದ್ವೇಷಿಸಿದರೆ ನಾನು ಬದುಕುವುದಿಲ್ಲ ಅನ್ನಿಸಿತು.

"ಅಪ್ಪನ ಹಾವು ತಪ್ಪಿಸ್ಕೊಂಡಿತ್ತು ಪುಟ್ಟಿ" ಅಂದೆ. "ಗುಂಡನ್ನ ತಿಂದ್ಬಿಡ್ತು."

ಅವಳು ಅಳಲಿಲ್ಲ. ತಿರುಗಿ ಬಾಗಿಲ ಕಡೆ ನೋಡಿದಳು. "ಹೌದಾ ಅಪ್ಪ?"

ಈಗ ಹೇಳುತ್ತಾರೆ, ಈಗ ಬಕೆಟ್ಟಿನ ಮಾತು ಬರುತ್ತದೆ ಅಂತ ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿದವಳ ಹಾಗೆ ಜಗಳಕ್ಕೆ ತಯಾರಾದೆ. ಕೊಕ್ಕೆ ಹಾಕದವರು ಯಾರು, ಹಾವು ಬಿಟ್ಟವರು ಯಾರು, ಎಲ್ಲ ನಾಲಿಗೆಯ ತುದಿಯಲ್ಲಿತ್ತು.

"ಹೂಂ ಮಗಳೇ" ಅಂದರು ಇವರು. "ಬುಧವಾರ ನೀರು ಬದ್ಲಾಯ್ಸೋಕೆ ಮುಚ್ಚಳ ತೆಗ್ದಿದ್ದೆ. ಗುಂಡನ ಸದ್ದು ಕೇಳ್ತು ಅಂತ ಓಡಿದೆ. ಮುಚ್ಚಳ ಹಾಕೋದು ಮರ್ತೆ. ಫ್ರಿಜ್ ಹಿಂದೆ ಬಿಸಿನೀರಿನ ಡಬ್ಬ ಇಟ್ಟು ಹಿಡಿಯೋಕೆ ನೋಡ್ದೆ, ಆಗ್ಲಿಲ್ಲ. ನಂದೇ ತಪ್ಪು."

ಅಷ್ಟೇ. ಬಕೆಟ್ಟಿನ ಸುದ್ದಿ ಎತ್ತಲಿಲ್ಲ. ಬೆಳಿಗ್ಗೆ ತೊಳೆದಿಟ್ಟದ್ದು ಯಾಕೆಂದು ಆಗ ನನಗೆ ಅರ್ಥವಾಯಿತು. ಬಾಯಿ ತೆರೆದು 'ಅಲ್ಲ ಪುಟ್ಟಿ' ಅನ್ನಲು ಒಂದು ಕ್ಷಣ ಸಾಕಿತ್ತು. ಅಂಥ ಎಷ್ಟೋ ಕ್ಷಣಗಳು ಕಳೆದವು. ಪುಟ್ಟಿ ಏಣಿಯನ್ನು ಪಂಜರದೊಳಗಿಟ್ಟು, ಕೊಕ್ಕೆ 'ಕಟ್' ಅಂತ ಹಾಕಿ, ನನ್ನ ಮಡಿಲಲ್ಲಿ ಮುಖ ಹುದುಗಿಸಿದಳು. ಆಗ ಅಳು ಬಂತು ಅವಳಿಗೆ. ನಾನು ಬೆನ್ನು ಸವರಿದೆ. ಅವಳ ಬಿಸಿಯುಸಿರು ನನ್ನ ಹೊಟ್ಟೆಗೆ ತಾಗುತ್ತಿತ್ತು, ಕೋಣೆಯ ಬಾಗಿಲು ಮೆಲ್ಲಗೆ ಮುಚ್ಚಿಕೊಂಡ ಸದ್ದು ಕೇಳಿತು.

ಅವತ್ತಿನಿಂದ ಪುಟ್ಟಿ ಅಪ್ಪನ ಜೊತೆ ಮಾತು ಬಿಟ್ಟಳು. ಯಾರಿಂದ ಕಲಿತಳು ಅಂತ ಬೇರೆ ಕೇಳಬೇಕೇ. ಹಾವನ್ನು ಇವರು ಅಂಗಡಿಯವನಿಗೆ ಕೊಟ್ಟುಬಂದರು, ಅವಳು ಕಣ್ಣೆತ್ತಿಯೂ ನೋಡಲಿಲ್ಲ. ಒಂದು ಬೊಂಬೆ ತಂದರು, ಅದು ಕಾಗದ ಬಿಚ್ಚದೆ ಮೇಜಿನ ಮೇಲೇ ಧೂಳು ತಿಂದಿತು. ಮೊದಲು ದಿನಕ್ಕೆ ಹದಿನೇಳು ಸಲವಾದರೂ ಆ ಮನುಷ್ಯನ ಕಿವಿಗೆ ಈ ಮನೆಯಲ್ಲಿ ಒಂದು ದನಿ ಬೀಳುತ್ತಿತ್ತು. ಈಗ ಅದೂ ಇಲ್ಲ. ಬಂದು ಉಣ್ಣುತ್ತಾರೆ, ತಟ್ಟೆ ತೊಳೆದಿಡುತ್ತಾರೆ, ಕೋಣೆಗೆ ಹೋಗುತ್ತಾರೆ. ತೂಕ ಇಳಿದು ಅಂಗಿ ನೇತಾಡುತ್ತಿದೆ. ಪುಟ್ಟಿ ಮಾತ್ರ ನನಗೆ ಇನ್ನಿಲ್ಲದಷ್ಟು ಹತ್ತಿರವಾಗಿದ್ದಾಳೆ. ಗುಂಡನಿಗೆ ಹೇಳುತ್ತಿದ್ದದ್ದನ್ನೆಲ್ಲ ನನಗೆ ಹೇಳುತ್ತಾಳೆ, ಶಾಲೆಯದು, ಸ್ನೇಹಿತೆಯದು, ರಾತ್ರಿ ಬಿದ್ದ ಕನಸಿನದು. ಮೂರು ತಿಂಗಳು ನಾನು ಅದನ್ನು ಕೇಳಿಸಿಕೊಂಡೆ. ಪ್ರತಿ ಮಾತೂ ಕದ್ದ ಮಾಲಿನ ಹಾಗೆ ಅನ್ನಿಸುತ್ತಿತ್ತು.

ಹೋದ ಭಾನುವಾರ ಮಧ್ಯಾಹ್ನ ಇನ್ನು ತಡೆಯಲಾಗಲಿಲ್ಲ. "ಪುಟ್ಟಿ, ಅಪ್ಪನಿಗೆ ಒಂದು ಮಾತು ಹೇಳ್ಬೇಕು" ಅಂದೆ.

ಅವಳು ಹೋಂವರ್ಕ್ ಪುಸ್ತಕದಿಂದ ತಲೆಯೆತ್ತಲಿಲ್ಲ. "ನಾನು ಅವ್ರ ಹತ್ರ ಮಾತಾಡಲ್ಲ. ನೀನೇ ಹೇಳ್ಕೋ."

ನಾನೇ ಹೋದೆ. ಎರಡು ವರ್ಷ ಮೂರು ತಿಂಗಳ ಮೇಲೆ ಆ ಹೊಸ್ತಿಲು ದಾಟಿದೆ. ಹಾವಿನ ಪೆಟ್ಟಿಗೆ ಇದ್ದ ಜಾಗ ಖಾಲಿಯಾಗಿತ್ತು, ಗೋಡೆಯ ಮೇಲೆ ಚೌಕದ ಗುರುತು ಉಳಿದಿತ್ತು. ಇವರು ಮಂಚದ ಮೇಲೆ ಕೂತು ಸ್ಕ್ರೂಡ್ರೈವರ್‌ಗಳನ್ನು ಒರೆಸುತ್ತಿದ್ದರು. ನನ್ನನ್ನು ಕಂಡು ಗಡಬಡಿಸಿ ಎದ್ದು ನಿಂತರು, ಮೇಲಧಿಕಾರಿ ಬಂದ ಹಾಗೆ.

"ನಾನು ಪುಟ್ಟಿಗೆ ಎಲ್ಲಾ ಹೇಳ್ಬಿಡ್ತೀನಿ ರೀ" ಅಂದೆ. "ಬಕೆಟ್ ಇಟ್ಟಿದ್ದು ನಾನು ಅಂತ. ಆವತ್ತು ನೀವು ಹೇಳೋಕೆ ಬಂದ್ರಿ, ನಾನೇ ಕೇಳಿಸ್ಕೊಳ್ಳಲಿಲ್ಲ ಅಂತ."

ಅವರು ಮಾತಾಡುವ ಅಭ್ಯಾಸ ತಪ್ಪಿದವರಂತೆ ಎರಡು ಸಲ ಗಂಟಲು ಸರಿಮಾಡಿಕೊಂಡರು. ನಡುಮನೆಯ ಕಡೆ, ಬಗ್ಗಿ ಬರೆಯುತ್ತಿದ್ದ ಮಗಳ ಕಡೆ ಒಂದು ಸಲ ನೋಡಿದರು.

"ಬೇಡ" ಅಂದರು. "ಅವ್ಳಿಗೆ ನಮ್ಮಿಬ್ಬರಲ್ಲಿ ಒಬ್ಬರಾದ್ರೂ ಇರ್ಬೇಕಲ್ಲ. ನೀನೇ ಇರು."

ಮತ್ತೆ ಕೂತು ಸ್ಕ್ರೂಡ್ರೈವರ್ ಕೈಗೆತ್ತಿಕೊಂಡರು. ನಾನು ಇನ್ನೂ ಏನೋ ಹೇಳುತ್ತೇನೆಂದು ನಿಂತೆ. ಅವರು ತಲೆಯೆತ್ತಲಿಲ್ಲ. ಹೊರಗೆ ಬಂದು ಅವರ ಬಾಗಿಲು ಮುಂದಕ್ಕೆಳೆದೆ.

"ಅಮ್ಮ, ಅವ್ರ ಹತ್ರ ಮಾತಾಡ್ತಿದ್ಯಾ?" ಅಂತ ಪುಟ್ಟಿ ಕೇಳಿದಳು.

"ಯಾರ ಹತ್ರಾನೂ ಇಲ್ಲ" ಅಂದೆ.